ಮೊದಲ ಪವರ್ ಕೈಟ್ ಎಷ್ಟು ದೊಡ್ಡದಿರಬೇಕು?

ಕೈಟ್‌ಸರ್ಫಿಂಗ್ (ಗಾಳಿಪಟದ ಸೆಳೆತದಿಂದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ತರಬೇತಿಗೆ ಸೇರುವ ಮುನ್ನ ನೆಲದ ಮೇಲೆ ಅಭ್ಯಾಸ ಮಾಡಲು ಎಂಥ ಗಾಳಿಪಟವನ್ನು ಕೊಳ್ಳಬೇಕು ಎಂದು ಕೇಳಿ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ತೂಕ 74 ಕಿಲೋ. ಮುಂದಿನ ಋತುವಿನಲ್ಲಿ ಕೈಟ್‌ಸರ್ಫಿಂಗ್ ಕಲಿಯಬೇಕೆಂದಿದ್ದೇನೆ. ಅದಕ್ಕೆ ಮೊದಲು ಒಂದು ಪವರ್ ಕೈಟ್, ಅಂದರೆ ಮನುಷ್ಯರನ್ನು ಎಳೆಯಬಲ್ಲ ಗಾಳಿಪಟ, ಕೊಂಡು ಕೈ ಪಳಗಿಸಿಕೊಳ್ಳುವ ಆಸೆ. 2 ಚದರ ಮೀಟರಿನದು ಬರೀ ಆಟಿಕೆ, ನಿನ್ನ ತೂಕಕ್ಕೆ 5 ಚದರ ಮೀಟರಾದರೂ ಬೇಕು, ಇಲ್ಲವಾದರೆ ಬೇಗ ಬೇಸರ ಬಂದು ಇನ್ನೊಂದನ್ನು ಕೊಳ್ಳಬೇಕಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ: ನೀವು ಅಭ್ಯಾಸ ಮಾಡುವ ಸ್ಥಳದಲ್ಲಿ ಗಾಳಿ ಸಮನಾಗಿ ಬೀಸುತ್ತಿದ್ದು, ಹೆಚ್ಚಿನ ದಿನಗಳಲ್ಲಿ ಅದರ ವೇಗ ಗಂಟೆಗೆ 12ರಿಂದ 20 ಕಿಲೋಮೀಟರಿನ ಒಳಗಿದ್ದರೆ 2.5ರಿಂದ 3 ಚದರ ಮೀಟರಿನ ಫಾಯಿಲ್ ಗಾಳಿಪಟವನ್ನು, ಅಂದರೆ ಕಡ್ಡಿಗಳಿಲ್ಲದೆ ಒಳಗೆ ಗಾಳಿ ತುಂಬಿ ಉಬ್ಬುವ ಬಟ್ಟೆಯ ಪಟವನ್ನು, ಆರಿಸಿಕೊಳ್ಳಿ. ಗಾಳಿ ಅದಕ್ಕಿಂತ ಜೋರಾಗಿರುವ, ಅಥವಾ ಇದ್ದಕ್ಕಿದ್ದಂತೆ ಏರಿ ಇಳಿಯುವ ಜಾಗವಾದರೆ 2 ಚದರ ಮೀಟರೇ ಸರಿ. 5 ಚದರ ಮೀಟರಿನದನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಗೆಳೆಯರು ನಿಮ್ಮ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಆದರೆ ಗಾಳಿಯನ್ನು ಮರೆತಿದ್ದಾರೆ.

ಗಾಳಿಪಟದ ಸೆಳೆತವು ಅದರ ವಿಸ್ತೀರ್ಣದೊಂದಿಗೆ ನೇರ ಪ್ರಮಾಣದಲ್ಲಿ ಬೆಳೆದರೆ, ಗಾಳಿಯ ವೇಗದೊಂದಿಗೆ ವರ್ಗದ ಪ್ರಮಾಣದಲ್ಲಿ ಬೆಳೆಯುತ್ತದೆ. ಗಂಟೆಗೆ 15 ಕಿಲೋಮೀಟರ್ ಇದ್ದ ಗಾಳಿ 30ಕ್ಕೆ ಏರಿದರೆ ಸೆಳೆತ ಎರಡು ಪಟ್ಟಲ್ಲ, 4 ಪಟ್ಟಾಗುತ್ತದೆ. 15 ಕಿಲೋಮೀಟರ್ ಗಾಳಿಯಲ್ಲಿ 2.5 ಚದರ ಮೀಟರಿನ ಗಾಳಿಪಟವನ್ನು ಹಿಡಿದು ನಿಂತವರಿಗೆ ಹೋಲಿಸಿದರೆ, 25 ಕಿಲೋಮೀಟರ್ ಗಾಳಿಯಲ್ಲಿ 5 ಚದರ ಮೀಟರಿನದನ್ನು ಹಿಡಿದವರ ಕೈಗೆ ಬರುವ ಸೆಳೆತ ಐದೂವರೆ ಪಟ್ಟಿಗಿಂತ ಹೆಚ್ಚು. ಇವೆರಡೂ ಒಂದೇ ಮಧ್ಯಾಹ್ನದಲ್ಲಿ ಕಾಣಬಹುದಾದ ಗಾಳಿಗಳು ಎಂಬುದನ್ನು ಗಮನಿಸಿ.

ಇನ್ನೂ ಮುಖ್ಯವಾದ ಸಂಗತಿ ಮತ್ತೊಂದಿದೆ, ಹೊಸಬರು ಅದನ್ನು ಮೊದಲೇ ಊಹಿಸುವುದು ಕಡಿಮೆ. ಗಾಳಿಪಟವು ಆಕಾಶದಲ್ಲಿ ಒಂದೆಡೆ ನಿಂತಿದ್ದಾಗ ಅನುಭವಕ್ಕೆ ಬರುವ ಸೆಳೆತವು ಅದರ ನಿಜವಾದ ಶಕ್ತಿಯಲ್ಲಿ ಒಂದು ಸಣ್ಣ ಪಾಲು ಮಾತ್ರ. ಅದು ಅಡ್ಡಲಾಗಿ ಹಾಯತೊಡಗಿದಾಗ ತನ್ನ ಓಟದಿಂದಲೇ ಹೆಚ್ಚಿನ ಗಾಳಿಯನ್ನು ಹುಟ್ಟಿಸಿಕೊಳ್ಳುತ್ತದೆ. ಬೀಸುವ ಗಾಳಿಯ ಎರಡರಷ್ಟು ವೇಗದಲ್ಲಿ ಅದು ಓಡಿದರೆ ಸೆಳೆತ ಸುಮಾರು 5 ಪಟ್ಟಾಗುತ್ತದೆ. ಹಾಗಾಗಿ ನೆತ್ತಿಯ ಮೇಲೆ ಸೌಮ್ಯವಾಗಿ ತೇಲುತ್ತಿದ್ದ 5 ಚದರ ಮೀಟರಿನ ಗಾಳಿಪಟವನ್ನು ಕಲಿಯುವವರು ಕೈತಪ್ಪಿ ತಮ್ಮ ಮುಂದಿನ ದಿಕ್ಕಿಗೆ, ಗಾಳಿ ಹೋಗುವ ಕಡೆಗೆ ಗೋತಾ ಹೊಡೆಸಿದರೆ, ಅದು ಅವರನ್ನು ಕಾಲೆಳೆದು ಕೆಡವುವುದಕ್ಕೆ, ಕೆಲವೊಮ್ಮೆ ನೆಲದಿಂದ ಮೇಲೆತ್ತುವುದಕ್ಕೂ ಹಿಂಜರಿಯುವುದಿಲ್ಲ. ನೀರಿನ ಮೇಲೆ ಇದಕ್ಕಿಂತ ಎಷ್ಟೋ ದೊಡ್ಡದಾದ 9 ಅಥವಾ 12 ಚದರ ಮೀಟರಿನ ಗಾಳಿಪಟವನ್ನು ಬಳಸುತ್ತಾರಲ್ಲ ಎಂದು ನೀವು ಕೇಳಬಹುದು. ಅವುಗಳಲ್ಲಿ ಕೈಯಲ್ಲಿ ಹಿಡಿಯುವ ಅಡ್ಡ ಕೋಲನ್ನು, ಅಂದರೆ ಬಾರನ್ನು, ಮುಂದಕ್ಕೆ ದೂಡಿದೊಡನೆ ಗಾಳಿಗೆ ಎದುರಾಗುವ ಕೋನ ಬದಲಾಗಿ ಸೆಳೆತ ಇಳಿಯುವ ಏರ್ಪಾಡು ಇರುತ್ತದೆ, ಅದಕ್ಕೆ ಡಿಪವರ್ ಎನ್ನುತ್ತಾರೆ. ಅದರೊಂದಿಗೆ ಸೊಂಟಕ್ಕೆ ಕಟ್ಟುವ ಪಟ್ಟಿಯಾದ ಹಾರ್ನೆಸ್‌ನಿಂದ ಒಂದೇ ಸಲ ತಳ್ಳಿದರೆ ಕಳಚಿಕೊಳ್ಳುವ ಕ್ವಿಕ್ ರಿಲೀಸ್ ಇರುತ್ತದೆ. ಅಂಗಡಿಯಲ್ಲಿ ನಿಮಗೆ ತೋರಿಸಿರಬಹುದಾದ 5 ಚದರ ಮೀಟರಿನ, ಗಾಳಿಗೆ ಎದುರಾಗುವ ಕೋನ ಬದಲಿಸಲಾಗದಂತೆ ಸೂತ್ರ ಕಟ್ಟಿದ ಫಾಯಿಲ್‌ನಲ್ಲಿ ಇವೆರಡರಲ್ಲಿ ಯಾವುದೂ ಇಲ್ಲದಿರುವ ಸಂಭವವೇ ಹೆಚ್ಚು. ಅದನ್ನು ಲ್ಯಾಂಡ್‌ಬೋರ್ಡ್ (ಚಕ್ರಗಳಿರುವ ಹಲಗೆ) ಮೇಲೆ ನಿಂತೋ ಮೂರು ಚಕ್ರದ ಬಗ್ಗಿಯಲ್ಲಿ ಕುಳಿತೋ ಓಡಿಸುವ ಅನುಭವಿಗಳಿಗಾಗಿ ಮಾಡಿರುತ್ತಾರೆ.

ಹಾಗಾದರೆ ಚಿಕ್ಕದರಿಂದ ಕಲಿಯುವುದೇನು? ಗಾಳಿಗೆ ಬೆನ್ನು ಕೊಟ್ಟು ನಿಂತವರ ಮುಂದೆ, ಎಡದಂಚಿನಿಂದ ಬಲದಂಚಿನವರೆಗೆ ಮತ್ತು ನೆಲದಿಂದ ನೆತ್ತಿಯವರೆಗೆ, ಗಾಳಿಪಟ ಹಾರಬಲ್ಲ ಕಾಲು ಗೋಲದಷ್ಟು ಜಾಗವಿರುತ್ತದೆ. ಇದನ್ನೇ ವಿಂಡ್ ವಿಂಡೋ ಎಂದು ಕರೆಯುತ್ತಾರೆ. ಅಂಚುಗಳಲ್ಲಿ ಮತ್ತು ನೆತ್ತಿಯಲ್ಲಿ ಸೆಳೆತ ಕಡಿಮೆ, ನಡುವೆ ಮತ್ತು ಕೆಳಗೆ ಹೆಚ್ಚು. ಗಾಳಿಪಟ ಎಲ್ಲಿದ್ದಾಗ ಎಷ್ಟು ಸೆಳೆಯುತ್ತದೆ, ಯಾವಾಗ ತಿರುಗಿಸಿದರೆ ಅದು ಎಷ್ಟು ಹೊತ್ತಿಗೆ ತಿರುಗುತ್ತದೆ ಎಂಬುದನ್ನು ಕಣ್ಣಿನ ಸಹಾಯವಿಲ್ಲದೆ ಕೈಗಳೇ ತಿಳಿದುಕೊಳ್ಳುವಂತಾಗುವುದು ಮೊದಲ ಗಾಳಿಪಟದಿಂದ ಸಿಗಬೇಕಾದ ವಿದ್ಯೆ. ಬೀಳುವ ಭಯವಿಲ್ಲದೆ ನೂರಾರು ಸಲ ತಪ್ಪು ಮಾಡಲು ಅವಕಾಶವಿದ್ದರೆ ಮಾತ್ರ ಅದು ಸಿದ್ಧಿಸುತ್ತದೆ. ಹಿಡಿದವರನ್ನು ಹೆದರಿಸುವ ಗಾಳಿಪಟ ನೆತ್ತಿಯಿಂದ ಕೆಳಗಿಳಿಯುವುದೇ ಇಲ್ಲ, ಆದ್ದರಿಂದ ಅದರ ಒಡೆಯರು ಕಲಿಯುವುದೂ ಕಡಿಮೆ.

ಚಿಕ್ಕದರ ಒಂದು ಕೊರತೆಯನ್ನೂ ಹೇಳಬೇಕು. ವಿಸ್ತೀರ್ಣ ಕಡಿಮೆಯಾದಷ್ಟೂ ಗಾಳಿಪಟ ಚುರುಕಾಗುತ್ತದೆ. 1.5 ಚದರ ಮೀಟರಿಗಿಂತ ಕಿರಿದಾದದ್ದು ಜೋರು ಗಾಳಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಿಬಿಡುವುದರಿಂದ ಹೊಸಬರ ಕೈ ಅದರ ಹಿಂದೆ ಬೀಳುತ್ತದೆ. ನೀರಿನ ಮೇಲಿನ ದೊಡ್ಡ ಗಾಳಿಪಟದ ನಿಧಾನ ಲಯಕ್ಕೆ 3 ಚದರ ಮೀಟರಿನದು ಹೆಚ್ಚು ಹತ್ತಿರ. ನಿಮ್ಮ ತೂಕದವರಿಗೆ 2.5ರಿಂದ 3 ಎಂದದ್ದು ಇದೇ ಕಾರಣಕ್ಕೆ.

ಕೊಳ್ಳುವಾಗ ಪೊಟ್ಟಣದ ಮೇಲಿನ ಅಂಕಿಯನ್ನು ಎಚ್ಚರದಿಂದ ಓದಿ. ಕೆಲವು ತಯಾರಕರು ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಬರೆದರೆ, ಇನ್ನು ಕೆಲವರು ರೆಕ್ಕೆಯ ತುದಿಯಿಂದ ತುದಿಗಿರುವ ಅಗಲವನ್ನು ಮೀಟರಿನಲ್ಲೋ ಸೆಂಟಿಮೀಟರಿನಲ್ಲೋ ಬರೆಯುತ್ತಾರೆ. 2.2 ಎಂದು ಹೆಸರಿಟ್ಟ ಗಾಳಿಪಟ 2.2 ಮೀಟರ್ ಅಗಲದ್ದಾಗಿದ್ದರೆ ಅದರ ವಿಸ್ತೀರ್ಣ 2.2 ಚದರ ಮೀಟರಿಗಿಂತ ಬಹಳ ಕಡಿಮೆ ಇರುತ್ತದೆ.

ಪ್ರಶ್ನೆ: ಎರಡು ದಾರದ್ದು, ಮೂರು ದಾರದ್ದು, ನಾಲ್ಕು ದಾರದ್ದು ಎಂದು ಮೂರು ಬಗೆಯ ಗಾಳಿಪಟಗಳಿವೆ. ಹಿಡಿಯುವುದಕ್ಕೂ ಕೆಲವಕ್ಕೆ ಬಾರ್, ಕೆಲವಕ್ಕೆ ಎರಡು ಹಿಡಿಕೆಗಳಿವೆ. ಮುಂದೆ ಕೈಟ್‌ಸರ್ಫಿಂಗ್ ಮಾಡುವವರಿಗೆ ಯಾವುದು ಹೊಂದುತ್ತದೆ?

ಉತ್ತರ: ಹಿಡಿಯುವ ಸಾಧನದ ವಿಚಾರದಲ್ಲಿ ನನಗೆ ಅನುಮಾನವಿಲ್ಲ: ಬಾರ್ ಇರುವುದನ್ನೇ ಕೊಳ್ಳಿ. ನೀರಿನ ಮೇಲೆ ನಿಮ್ಮ ಕೈಯಲ್ಲಿರುವುದು ಬಾರ್ ಆದ್ದರಿಂದ ಅದರ ಅಭ್ಯಾಸ ಮೊದಲ ದಿನದಿಂದಲೇ ಆಗಲಿ. ಹೊಸಬರಲ್ಲಿ ಬಹುಮಂದಿ ಬಾರನ್ನು ವಾಹನದ ಸ್ಟಿಯರಿಂಗ್‌ನಂತೆ ತಿರುಗಿಸಲು ಹೋಗುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ಬಲಕ್ಕೆ ತಿರುಗಬೇಕಾದರೆ ಬಲಗೈಯನ್ನು ಎದೆಯ ಕಡೆಗೆ ಎಳೆದುಕೊಂಡು ಎಡಗೈಯನ್ನು ಸಡಿಲಿಸಬೇಕು. ಗಾಬರಿಯಾದ ಕ್ಷಣದಲ್ಲಿಯೂ ಕೈ ಹೀಗೆಯೇ ನಡೆದುಕೊಳ್ಳುವಂತೆ ರೂಢಿಯಾಗಲು ಸಮಯ ಬೇಕು.

ದಾರಗಳ ಪೈಕಿ ಎರಡರದ್ದು ಎಲ್ಲಕ್ಕಿಂತ ಸರಳ. ಎಡ ಬಲ ತಿರುಗಿಸುವುದನ್ನು ಬಿಟ್ಟು ಅದರಲ್ಲಿ ಮತ್ತೊಂದು ನಿಯಂತ್ರಣವಿಲ್ಲ, ಬಿಚ್ಚಿ ಹಾರಿಸಲು ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ಆದರೆ ಅದು ಮುಂದಂಚನ್ನು ನೆಲಕ್ಕೆ ಮಾಡಿ ಬಿದ್ದರೆ ನಡೆದುಹೋಗಿ ಎತ್ತಿ ನಿಲ್ಲಿಸಬೇಕು, ಒಬ್ಬರೇ ಅಭ್ಯಾಸ ಮಾಡುವಾಗ ದಿನದ ಅರ್ಧ ಭಾಗ ಈ ಓಡಾಟದಲ್ಲೇ ಕಳೆಯಬಹುದು. ಮೂರನೆಯ ದಾರವು ಹಿಂದಂಚಿಗೆ ಕಟ್ಟಿರುತ್ತದೆ, ಇನ್ನೊಂದು ತುದಿಯಲ್ಲಿ ಮಣಿಕಟ್ಟಿನ ಪಟ್ಟಿಗೆ ಸೇರಿರುತ್ತದೆ. ಬಾರನ್ನು ಕೈಬಿಟ್ಟರೆ ಇಡೀ ಭಾರ ಆ ಒಂದು ದಾರದ ಮೇಲೆ ಬಿದ್ದು ಗಾಳಿಪಟ ಶಕ್ತಿ ಕಳೆದುಕೊಂಡು ನೆಲಕ್ಕಿಳಿಯುತ್ತದೆ, ಅದೇ ದಾರವನ್ನು ಎಳೆದರೆ ತಲೆಕೆಳಗಾಗಿ ಬಿದ್ದದ್ದು ಹಿಂಬದಿಯಿಂದ ಮೇಲೆದ್ದು ತಿರುಗಿ ಹಾರುತ್ತದೆ. ನೀರಿನ ಮೇಲೂ ಬಾರನ್ನು ಬಿಡುವುದೇ ಮೊದಲ ರಕ್ಷಣೆಯಾದ್ದರಿಂದ, ಅಪಾಯ ಕಂಡೊಡನೆ ಬಿಟ್ಟುಬಿಡುವ ಈ ಗುಣವನ್ನು ನೆಲದ ಮೇಲೆಯೇ ಬೆಳೆಸಿಕೊಳ್ಳುವುದಕ್ಕೆ ಮೂರು ದಾರದ್ದು ಬಹಳ ಅನುಕೂಲ. ಮಕ್ಕಳಿಗೂ ದೊಡ್ಡವರಿಗೂ ನಾನು ಸೂಚಿಸುವುದು ಇದನ್ನೇ. ಎರಡು ದಾರದ್ದು ಈಗಾಗಲೇ ಕೈಯಲ್ಲಿದ್ದರೆ ಅದನ್ನು ಬದಲಿಸುವ ಅಗತ್ಯವಿಲ್ಲ, ಮಣಿಕಟ್ಟಿನ ಪಟ್ಟಿ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಪಟ್ಟಿಯಿಲ್ಲದೆ ಕೈಬಿಟ್ಟ ಗಾಳಿಪಟ ಬಾರನ್ನೂ ಎಳೆದುಕೊಂಡು ಹೋಗಿ ಬೇರೆಯವರಿಗೆ ಪೆಟ್ಟು ಮಾಡಬಹುದು.

ಎರಡು ಹಿಡಿಕೆಗಳ ನಾಲ್ಕು ದಾರದ ಗಾಳಿಪಟ ಸೊಗಸಾದ ಸಾಧನ. ಬ್ರೇಕಿನ ಸೂಕ್ಷ್ಮ ನಿಯಂತ್ರಣ, ಹಿಂದಕ್ಕೆ ಹಾರಿಸುವ ಸಾಧ್ಯತೆ ಎಲ್ಲವೂ ಅದರಲ್ಲಿವೆ. ಬಗ್ಗಿ ಓಡಿಸುವ ಗುರಿಯಿದ್ದವರು ಅದನ್ನು ಕೊಳ್ಳಲಿ.

ಪ್ರಶ್ನೆ: ಬಳಸಿದ 9 ಚದರ ಮೀಟರಿನ, ಗಾಳಿ ತುಂಬಿಸುವ ಕೈಟ್ ಒಂದು ಅಗ್ಗಕ್ಕೆ ಸಿಗುತ್ತಿದೆ. ಹೇಗಿದ್ದರೂ ಮುಂದೆ ನೀರಿನ ಮೇಲೆ ಅದು ಬೇಕಾಗುತ್ತದೆ. ಚಿಕ್ಕದಕ್ಕೆ ಹಣ ಹಾಕುವ ಬದಲು ಅದನ್ನೇ ಕಡಿಮೆ ಗಾಳಿಯಲ್ಲಿ ಮೈದಾನದಲ್ಲಿ ಹಾರಿಸಿ ಕಲಿಯಬಾರದೇಕೆ?

ಉತ್ತರ: ಇದು ಜೀವಕ್ಕೆ ಅಪಾಯ ತರುವ ಯೋಚನೆ. ಕಡಿಮೆ ಗಾಳಿ ಕಡಿಮೆಯಾಗಿಯೇ ಉಳಿಯುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು, ಒಂದು ಬೀಸು ಸಾಕು, 9 ಚದರ ಮೀಟರ್ ಬಟ್ಟೆ ವಯಸ್ಕರನ್ನು ಎತ್ತಿ ಗಟ್ಟಿ ನೆಲದ ಮೇಲೆ ಹಾಕಲು. ನೀರಿನಲ್ಲಿ ಬಿದ್ದವರಿಗೆ ಎರಡನೆಯ ಅವಕಾಶ ಸಿಗಬಹುದು, ಮೈದಾನದಲ್ಲಿ ಹಾಗಲ್ಲ. ತರಬೇತುದಾರರಿಲ್ಲದೆ ಅದನ್ನು ಒಮ್ಮೆಯೂ ಹಾರಿಸಬೇಡಿ.

ಅಗ್ಗ ಎಂದಿರುವುದರಿಂದ ಇನ್ನೊಂದು ಮಾತು. ಗಾಳಿ ತುಂಬಿದ ಕೊಳವೆಗಳಿರುವ ಗಾಳಿಪಟಕ್ಕೆ ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು ಮುಖ್ಯವಾಗಿ ನೀರಿನ ಮೇಲೆ ಬಿದ್ದದ್ದು ಮುಳುಗದೆ ತಿರುಗಿ ಮೇಲೇಳಲಿ ಎಂಬ ಉದ್ದೇಶದಿಂದ. ಸೆಳೆತವನ್ನು ಬಹುಮಟ್ಟಿಗೆ ಪೂರ್ತಿ ಇಳಿಸಬಲ್ಲ ಬೋ ಕೈಟ್‌ಗಳು ಮಾರುಕಟ್ಟೆಗೆ ಬಂದದ್ದು ಅದಕ್ಕೆ ಎರಡು ದಶಕಗಳ ನಂತರ, 2005ರ ಆಸುಪಾಸಿನಲ್ಲಿ. ಅದಕ್ಕಿಂತ ಹಿಂದಿನ ಸಿ ಆಕಾರದ ಹಳೆಯ ಗಾಳಿಪಟಗಳು ಇಂದಿಗೂ ಕಡಿಮೆ ಬೆಲೆಗೆ ಕೈ ಬದಲಾಯಿಸುತ್ತಿರುತ್ತವೆ. ಅವುಗಳಲ್ಲಿ ಡಿಪವರ್ ಅಲ್ಪ, ಕಳಚಿಕೊಳ್ಳುವ ವ್ಯವಸ್ಥೆಯೂ ಈಗಿನಂತಿರುವುದಿಲ್ಲ. ನೀರಿನ ಮೇಲಿನ ಗಾಳಿಪಟವನ್ನು ತರಬೇತಿ ಮುಗಿದ ಮೇಲೆ, ಕಲಿಸಿದವರ ಸಲಹೆ ಕೇಳಿಯೇ ಕೊಳ್ಳುವುದು ಉಳಿತಾಯದ ದೃಷ್ಟಿಯಿಂದಲೂ ಒಳ್ಳೆಯದು, ಏಕೆಂದರೆ ನಿಮ್ಮ ತೂಕಕ್ಕೂ ನೀವು ಸವಾರಿ ಮಾಡುವ ನೀರಿನ ಗಾಳಿಗೂ ಯಾವ ಅಳತೆ ಹೊಂದುತ್ತದೆ ಎಂಬುದು ಆಗಲೇ ಸ್ಪಷ್ಟವಾಗುವುದು.

ಪ್ರಶ್ನೆ: ಅಭ್ಯಾಸದ ಫಾಯಿಲ್ ಗಾಳಿಪಟವನ್ನು ಆಮೇಲೆ ನೀರಿನ ಮೇಲೂ ಬಳಸಬಹುದೇ? ಒಲಿಂಪಿಕ್ಸ್‌ನಲ್ಲಿ ಫಾಯಿಲ್‌ಗಳನ್ನೇ ಬಳಸಿದ್ದನ್ನು ನೋಡಿದ್ದೇನೆ.

ಉತ್ತರ: ಬಳಸಲಾಗದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಸೇರ್ಪಡೆಯಾದ ಕೈಟ್ ಸ್ಪರ್ಧೆಗಳಲ್ಲಿ ನೀವು ಕಂಡ ಫಾಯಿಲ್‌ಗಳ ಕೋಶಗಳು ಮುಚ್ಚಿದಂಥವು. ಒಳಹೋದ ಗಾಳಿ ಹೊರಬಾರದಂತೆ ಅವುಗಳಿಗೆ ಕವಾಟಗಳಿರುವುದರಿಂದ ನೀರಿಗೆ ಬಿದ್ದರೂ ಆಕಾರ ಕೆಡದೆ ತೇಲುತ್ತವೆ. ಅಭ್ಯಾಸದ ಫಾಯಿಲ್‌ನ ಮುಂದಂಚು ತೆರೆದಿರುತ್ತದೆ, ಗಾಳಿ ಅದರ ಮೂಲಕ ನುಗ್ಗಿ ಕೋಶಗಳನ್ನು ಉಬ್ಬಿಸುತ್ತದೆ. ಡೊಮಿನಾ ಜಾಲ್ಬರ್ಟ್ 1964ರಲ್ಲಿ ರೂಪಿಸಿದ ಪ್ಯಾರಾಫಾಯಿಲ್‌ನ ತತ್ತ್ವವೂ ಇದೇ. ನೀರಿಗೆ ಬಿದ್ದರೆ ಅದೇ ಬಾಯಿಯಿಂದ ನೀರು ತುಂಬಿಕೊಂಡು ಗಾಳಿಪಟ ಎಳೆದು ದಡ ಸೇರಿಸಲೂ ಕಷ್ಟವಾಗುವಷ್ಟು ಭಾರವಾಗುತ್ತದೆ. ಮರಳಿನ ಮೇಲೆ ಬಿದ್ದಾಗಲೂ ಕೋಶಗಳಲ್ಲಿ ಸೇರಿದ ಮರಳನ್ನು ಅಂದಂದೇ ಕೊಡವಿ ತೆಗೆಯಬೇಕು.

ಪ್ರಶ್ನೆ: ಮನೆಯ ಹತ್ತಿರ ಸುತ್ತಲೂ ಮರಗಳಿರುವ ಮೈದಾನವಿದೆ. ಅಲ್ಲಿ ಅಭ್ಯಾಸ ಮಾಡಿದರೆ ಸಾಕೆ? ಗಾಳಿ ಹೆಚ್ಚಾಯಿತೆಂದು ಉಪಕರಣವಿಲ್ಲದೆ ತಿಳಿಯುವುದು ಹೇಗೆ?

ಉತ್ತರ: ಮರಗಳ ಸಾಲನ್ನು ದಾಟಿ ಬರುವ ಗಾಳಿ ಸುಳಿಸುಳಿಯಾಗಿ ಒಡೆದಿರುತ್ತದೆ, ಮತ್ತು ಆ ಕಲಕು ಮರದ ಎತ್ತರದ ಏಳೆಂಟು ಪಟ್ಟು ದೂರದವರೆಗೂ ಮುಂದುವರಿಯುತ್ತದೆ. 10 ಮೀಟರ್ ಎತ್ತರದ ಮರಗಳಿದ್ದರೆ ಅವುಗಳಿಂದ 80 ಮೀಟರಿನವರೆಗಿನ ಜಾಗ ಕಲಿಯುವವರಿಗೆ ಯೋಗ್ಯವಲ್ಲ. ಅಲ್ಲಿ ಗಾಳಿಪಟ ಕಾರಣವಿಲ್ಲದೆ ಕುಸಿಯುತ್ತದೆ, ಮರುಕ್ಷಣವೇ ಜೋರಾಗಿ ಜಗ್ಗುತ್ತದೆ, ತಪ್ಪು ಕೈಯದೋ ಗಾಳಿಯದೋ ತಿಳಿಯದೆ ಕಲಿಯುವವರ ಉತ್ಸಾಹವೇ ಉಡುಗಿಹೋಗುತ್ತದೆ. ನೀರಿನ ಕಡೆಯಿಂದ ಬೀಸುವ ಗಾಳಿಗೆ ತೆರೆದುಕೊಂಡ ಅಗಲವಾದ ಮರಳಿನ ದಡ ಸಿಕ್ಕರೆ ಅದಕ್ಕಿಂತ ಉತ್ತಮವಾದ ಜಾಗವಿಲ್ಲ. ಅಭ್ಯಾಸದ ಗಾಳಿಪಟಗಳ ದಾರ ಸಾಮಾನ್ಯವಾಗಿ 20ರಿಂದ 25 ಮೀಟರ್ ಇರುವುದರಿಂದ, ನಿಮ್ಮ ಮುಂದೆ ಮತ್ತು ಎರಡೂ ಪಕ್ಕಗಳಲ್ಲಿ ಅದರ ಎರಡರಷ್ಟಾದರೂ ದೂರ ಜನ, ರಸ್ತೆ, ಬೇಲಿ ಇರಬಾರದು. ವಿದ್ಯುತ್ ತಂತಿಯೋ ವಿಮಾನ ನಿಲ್ದಾಣವೋ ಹತ್ತಿರವಿದ್ದರೆ, ಅಥವಾ ಗುಡುಗಿನ ಮೋಡ ಕಂಡರೆ, ಚೀಲವನ್ನು ಬಿಚ್ಚಲೇಬೇಡಿ.

ಗಾಳಿಯನ್ನು ಅಳೆಯಲು ಬ್ಯೂಫೋರ್ಟ್ ಮಾಪಕದ ಲಕ್ಷಣಗಳು ಇಂದಿಗೂ ನಂಬಿಕೆಗೆ ಅರ್ಹ. ಎಲೆಗಳೂ ಸಣ್ಣ ಕಡ್ಡಿಗಳೂ ಒಂದೇ ಸಮನೆ ಅಲುಗಾಡುತ್ತ, ಹಗುರವಾದ ಬಾವುಟ ಬಿಚ್ಚಿ ನಿಂತಿದ್ದರೆ ಅದು 3ನೆಯ ಹಂತ, ಅಂದರೆ ಗಂಟೆಗೆ 12ರಿಂದ 19 ಕಿಲೋಮೀಟರ್. ಕಲಿಯಲು ಇದೇ ಪ್ರಶಸ್ತ ಗಾಳಿ. ಧೂಳೂ ಬಿಡಿ ಕಾಗದಗಳೂ ಮೇಲೇಳತೊಡಗಿ ಸಣ್ಣ ಕೊಂಬೆಗಳು ಅಲುಗಿದರೆ 4ನೆಯ ಹಂತ, 20ರಿಂದ 28 ಕಿಲೋಮೀಟರ್. 3 ಚದರ ಮೀಟರಿನ ಗಾಳಿಪಟವಿರುವ ಹೊಸಬರು ಆಗ ಸುತ್ತಿಟ್ಟುಬಿಡಬೇಕು. ಎಲೆ ತುಂಬಿದ ಸಣ್ಣ ಮರಗಳೇ ತೂಗಾಡತೊಡಗಿದರೆ 5ನೆಯ ಹಂತ. ಅದರಲ್ಲಿ ಯಾವ ಅಳತೆಯದೂ ಕಲಿಯುವವರ ಕೈಗೆ ತಕ್ಕದ್ದಲ್ಲ.

ಈ ದಾರಗಳು ಬಹುಪಾಲು ಡೈನೀಮಾ ಎಂಬ ನಾರಿನವು. ತೆಳ್ಳಗಿದ್ದರೂ ಅಪಾರ ಬಲವುಳ್ಳವು, ಎಳೆದರೆ ಹಿಗ್ಗುವುದೂ ಅತಿ ಕಡಿಮೆ. ಬಿಗಿಯಾಗಿ ಓಡುತ್ತಿರುವ ದಾರ ಚರ್ಮವನ್ನು ಸೀಳುತ್ತದೆ. ಅದನ್ನು ಬೆರಳಿಗಾಗಲಿ ಕೈಗಾಗಲಿ ಸುತ್ತಿಕೊಳ್ಳಬೇಡಿ, ಹಾರುತ್ತಿರುವಾಗ ದಾರವನ್ನು ಹಿಡಿಯಲೂ ಹೋಗಬೇಡಿ.

ಪ್ರಶ್ನೆ: ಬಳಸಿದ ಟ್ರೈನರ್ ಕೈಟ್ (ಅಭ್ಯಾಸದ ಗಾಳಿಪಟ) ಕೊಂಡೆ. ನೆತ್ತಿಯ ಮೇಲೆ ನಿಲ್ಲಿಸಿದರೆ ಯಾವಾಗಲೂ ಎಡಕ್ಕೇ ವಾಲುತ್ತದೆ. ಬಟ್ಟೆ ಹಳೆಯದಾದದ್ದು ಕಾರಣವೇ?

ಉತ್ತರ: ಬಟ್ಟೆಗಿಂತ ಮೊದಲು ದಾರಗಳನ್ನು ನೋಡಿ. ಎರಡು ದಾರಗಳನ್ನೂ ಬಿಚ್ಚಿ, ಒಂದೊಂದು ತುದಿಯನ್ನು ಗಟ್ಟಿಯಾದ ಕಂಬಕ್ಕೆ ಸಿಕ್ಕಿಸಿ, ಇನ್ನೊಂದು ತುದಿಗಳನ್ನು ಒಟ್ಟಿಗೆ ಹಿಡಿದು ಸಮನಾಗಿ ಎಳೆಯಿರಿ. ಎಡದ್ದು ಗಿಡ್ಡವಾಗಿದ್ದರೆ ಗಾಳಿಪಟ ಎಡಕ್ಕೆ ತಿರುಗುತ್ತದೆ. ಉದ್ದವಾದ ದಾರದ ತುದಿಯ ಗಂಟನ್ನು ಸರಿಸಿ ಎರಡನ್ನೂ ಸಮ ಮಾಡಿದರೆ ಬಹುತೇಕ ಸಂದರ್ಭಗಳಲ್ಲಿ ದೋಷ ನಿವಾರಣೆಯಾಗುತ್ತದೆ. ಆಗಲೂ ಸರಿಯಾಗದಿದ್ದರೆ ಸೂತ್ರದ ಎಳೆಗಳಲ್ಲಿ ಒಂದು ತುಂಡಾಗಿರಬಹುದು ಅಥವಾ ಗಂಟುಬಿದ್ದಿರಬಹುದು. ಬಲ ಅರ್ಧವನ್ನು ಎಡ ಅರ್ಧದೊಂದಿಗೆ ಎಳೆಗೆ ಎಳೆ ಹೋಲಿಸಿ ನೋಡಿ. ಬಟ್ಟೆಯ ಸ್ಥಿತಿಯನ್ನು ತಿಳಿಯಲು ಬಾಯಿ ಒತ್ತಿ ಊದಿ: ಉಸಿರು ಸಲೀಸಾಗಿ ಆಚೆ ಹೋದರೆ ಬಿಸಿಲಿಗೆ ಅದರ ಲೇಪನ ಸವೆದಿದೆ ಎಂದರ್ಥ. ಅಂಥದ್ದು ಮಂದ ಗಾಳಿಯಲ್ಲಿ ಎದ್ದು ನಿಲ್ಲುವುದಿಲ್ಲ.

ಪ್ರಶ್ನೆ: ಟ್ರೈನರ್ ಕೈಟ್ ಮೇಲೆ ಎಷ್ಟು ಕಲಿತರೆ ತರಬೇತಿಗೆ ಸಿದ್ಧನಾದೆ ಎನ್ನಬಹುದು? ಚೆನ್ನಾಗಿ ಕಲಿತರೆ ತರಬೇತಿಯಿಲ್ಲದೆ ನೇರವಾಗಿ ನೀರಿಗಿಳಿಯಬಹುದೇ?

ಉತ್ತರ: ಮೊದಲು ಗಾಳಿಪಟವನ್ನು ನೆತ್ತಿಯ ಮೇಲೂ, ಎರಡೂ ಅಂಚುಗಳಲ್ಲೂ, ಬೇಕೆಂದಷ್ಟು ಹೊತ್ತು ಅಲುಗದಂತೆ ನಿಲ್ಲಿಸಲು ಬರಬೇಕು. ನಂತರ ವಿಂಡ್ ವಿಂಡೋದ ಎರಡೂ ಬದಿಗಳಲ್ಲಿ ಮಲಗಿಸಿದ ಎಂಟರ ಆಕಾರವನ್ನು ಒಂದೇ ಗಾತ್ರದಲ್ಲಿ ಬರೆಯುತ್ತಿರಬೇಕು. ಒಂದೇ ಕೈಯಿಂದ ಹಾರಿಸುವುದನ್ನು ಕಲಿಯಿರಿ, ಏಕೆಂದರೆ ನೀರಿನಲ್ಲಿ ಇನ್ನೊಂದು ಕೈ ಬೋರ್ಡನ್ನು ಕಾಲಿಗೆ ಸಿಕ್ಕಿಸುವುದರಲ್ಲಿ ತೊಡಗಿರುತ್ತದೆ. ಗಾಳಿಪಟವನ್ನು ನೋಡದೆ ಗಾಳಿಗೆ ಅಡ್ಡಲಾಗಿ ನಡೆಯಿರಿ. ಇವೆಲ್ಲ ಹಿಡಿತಕ್ಕೆ ಬಂದ ಮೇಲೆ ಮರಳಿನ ಮೇಲೆ ಮಂಡಿ ಮಡಿಸಿ ಕುಳಿತು, ನೆತ್ತಿಯಿಂದ ಒಂದು ಪಕ್ಕಕ್ಕೆ ಬಿರುಸಾಗಿ ಇಳಿಸಿ, ಆ ಸೆಳೆತದಿಂದಲೇ ಎದ್ದು ನಿಲ್ಲಲು ಪ್ರಯತ್ನಿಸಿ, ನಿಂತೊಡನೆ ಮತ್ತೆ ನೆತ್ತಿಗೆ ತನ್ನಿ. ನೀರಿನಿಂದ ಬೋರ್ಡಿನ ಮೇಲೆ ಏಳುವುದೂ ಇದೇ ಚಲನೆ, ಇಲ್ಲಿ ಅದನ್ನು ಎರಡೂ ಪಕ್ಕಗಳಿಗೆ ಸಮನಾಗಿ ಕಲಿತವರು ಅಲ್ಲಿ ಅರ್ಧ ದಾರಿ ಮುಂದಿರುತ್ತಾರೆ. ಟ್ರೈನರ್ ಕೈಟ್ ಹಾರಿಸುವಾಗ ಹಾರ್ನೆಸ್ ಕಟ್ಟಿಕೊಳ್ಳಬೇಡಿ. ಕಳಚುವ ಏರ್ಪಾಡಿಲ್ಲದ ಗಾಳಿಪಟಕ್ಕೆ ಮೈಯನ್ನು ಬಿಗಿದುಕೊಳ್ಳುವುದು ಯಾವ ಹಂತದಲ್ಲೂ ಸರಿಯಲ್ಲ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಖಂಡಿತವಾಗಿ ಇಲ್ಲ. ಬಾರನ್ನು ದೂಡಿ ಸೆಳೆತ ಇಳಿಸುವುದು, ಕ್ವಿಕ್ ರಿಲೀಸನ್ನು ಒತ್ತಿ ಕಳಚಿ ಮತ್ತೆ ಜೋಡಿಸುವುದು, ಬೋರ್ಡ್ ಕೈತಪ್ಪಿದಾಗ ಗಾಳಿಗೆ ಎದುರು ದಿಕ್ಕಿನತ್ತ ಮೈಯನ್ನು ಎಳೆಸಿಕೊಂಡು ಹೋಗಿ ಅದನ್ನು ಹಿಡಿಯುವುದು, ಗಾಳಿ ಸತ್ತಾಗ ಆಳದಲ್ಲಿ ದಾರಗಳನ್ನು ಸುತ್ತಿ ಗಾಳಿಪಟವನ್ನೇ ಹಾಯಿಯಾಗಿ ಹಿಡಿದು ದಡ ಸೇರುವುದು, ದಡದಿಂದ ಹೊರಕ್ಕೆ ಬೀಸುವ ಗಾಳಿಯಲ್ಲಿ ಇಳಿಯದಿರುವುದು ಇವುಗಳಲ್ಲಿ ಯಾವುದನ್ನೂ ಟ್ರೈನರ್ ಕೈಟ್ ಕಲಿಸುವುದಿಲ್ಲ. 2001ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಕೈಟ್‌ಬೋರ್ಡಿಂಗ್ ಆರ್ಗನೈಸೇಷನ್‌ನಂಥ ಸಂಸ್ಥೆಗಳ ಪ್ರಮಾಣಪತ್ರ ಪಡೆದ ತರಬೇತುದಾರರು ಇವುಗಳನ್ನು ಕ್ರಮವಾಗಿ ಕಲಿಸುತ್ತಾರೆ. ಮೊದಲ ಪಾಠಕ್ಕೆ ಹೋದಾಗ ಎಷ್ಟು ದಿನ, ಯಾವ ಅಳತೆಯ, ಎಷ್ಟು ದಾರದ ಗಾಳಿಪಟವನ್ನು ಹಾರಿಸಿದ್ದೀರಿ ಎಂಬುದನ್ನು ಅವರಿಗೆ ತಿಳಿಸಿ. ವಿಂಡ್ ವಿಂಡೋದ ಪಾಠಕ್ಕೆ ಮೀಸಲಿಟ್ಟ ಹೊತ್ತನ್ನು ಅವರು ನೇರವಾಗಿ ನೀರಿನಲ್ಲಿನ ಅಭ್ಯಾಸಕ್ಕೆ ಕೊಡಬಹುದು.